ಕಂಪ್ಯೂಟರ್ ಕಟ್ಟೆ: ನೀಲಿ ಅಕ್ಷರದ ಕಾಟ

ಪ್ರಶ್ನೆ: ಸರ್, ನಮ್ಮೂರ ಶಾಲೆಗೆ ನೂರು ವರ್ಷ ತುಂಬಿದೆ. ಸ್ಮರಣ ಸಂಚಿಕೆ ತರುವ ಕೆಲಸ ನನ್ನ ತಲೆಗೆ ಬಿದ್ದಿದೆ. ಜೋಗದ ಬಗ್ಗೆ ಒಂದು ಲೇಖನಕ್ಕೆ ಇಂಟರ್‌ನೆಟ್‌ನಿಂದ ಮಾಹಿತಿ ಕಾಪಿ ಮಾಡಿ ವರ್ಡ್‌ಗೆ ಹಾಕಿದೆ. ಈಗ ಶರಾವತಿ ಅಂದರೂ ನೀಲಿ, ರಾಜಾ ರಾಣಿ ಅಂದರೂ ನೀಲಿ, ಕೆಳಗೆ ಗೆರೆ ಬೇರೆ. ಕೆಲವು ಪ್ಯಾರಾಗಳ ಹಿಂದೆ ಬೂದು ಬಣ್ಣ ಅಂಟಿಕೊಂಡಿದೆ. ರೈಟ್ ಕ್ಲಿಕ್ ಮಾಡಿ ಒಂದೊಂದೇ ಲಿಂಕ್ ತೆಗೆಯುತ್ತಾ ಕೂತಿದ್ದೇನೆ, ಅಡಿಕೆ ಸುಲಿದ ಹಾಗೆ. ಪ್ರೆಸ್‌ನವರು ಕ್ಲೀನ್ ಫೈಲ್ ಕೊಡಿ ಅಂತಿದ್ದಾರೆ. ಬೇಗ ಮುಗಿಸುವ ದಾರಿ ಇದೆಯಾ?
(ಸಾಗರದ ಓದುಗರು)

ಉತ್ತರ: ಇದೆ. ಮೊದಲು ಫೈಲನ್ನು ಬೇರೆ ಹೆಸರಲ್ಲಿ ಸೇವ್ ಮಾಡಿ ಒಂದು ಪ್ರತಿ ಇಟ್ಟುಕೊಳ್ಳಿ. ನಮ್ಮ ಕಡೆ ಮಳೆಗಾಲದ ಕರೆಂಟಿನ ಕಥೆ ನಿಮಗೆ ಹೊಸದಾಗಿ ಹೇಳಬೇಕಿಲ್ಲ, ನಡುನಡುವೆ ಕಂಟ್ರೋಲ್ ಎಸ್ ಒತ್ತುತ್ತಾ ಇರಿ. ಈಗ ಕಂಟ್ರೋಲ್ ಎ ಒತ್ತಿ ಪೂರ್ತಿ ಬರಹ ಸೆಲೆಕ್ಟ್ ಮಾಡಿ. ಆಮೇಲೆ ಕಂಟ್ರೋಲ್, ಶಿಫ್ಟ್, ಎಫ್9 ಮೂರನ್ನೂ ಒಟ್ಟಿಗೆ ಒತ್ತಿ. ಅಷ್ಟೂ ಲಿಂಕ್ ಒಂದೇ ಏಟಿಗೆ ಹೋಗುತ್ತವೆ, ಅಕ್ಷರ ಹಾಗೇ ಇರುತ್ತದೆ. ಲ್ಯಾಪ್‌ಟಾಪಿನಲ್ಲಿ ಎಫ್9 ಕೀಗೆ ಬೇರೇನೋ ಕೆಲಸ ಕೊಟ್ಟಿರುತ್ತಾರೆ, ಆಗ ಎಫ್‌ಎನ್ ಕೀಯನ್ನೂ ಜೊತೆಗೆ ಹಿಡಿಯಬೇಕು. ನಾಲ್ಕು ಬೆರಳಿನ ಕಸರತ್ತು, ಆದರೆ ಒಂದೇ ಸಲ.

ಇಲ್ಲೊಂದು ಹುಷಾರು. ವರ್ಡ್ ತಾನೇ ಲೆಕ್ಕ ಹಾಕಿ ತುಂಬುವ ಜಾಗಗಳಿಗೆ ಫೀಲ್ಡ್ ಅಂತಾರೆ. ಲಿಂಕೂ ಫೀಲ್ಡೇ, ತಾನಾಗಿ ಬರುವ ಪರಿವಿಡಿಯೂ ಫೀಲ್ಡೇ, ಚಿತ್ರಗಳ ಕೆಳಗಿನ ಕ್ರಮಸಂಖ್ಯೆಯೂ ಫೀಲ್ಡೇ. ಈ ಕೀ ಯಾವುದನ್ನೂ ಬಿಡಲ್ಲ, ಎಲ್ಲವನ್ನೂ ಸಾದಾ ಅಕ್ಷರ ಮಾಡಿಬಿಡುತ್ತದೆ. ಪರಿವಿಡಿ ಮಾಡಿಟ್ಟ ಮೇಲೆ ಇದನ್ನು ಒತ್ತಿದಿರೋ, ನಾಳೆ ಎರಡು ಪುಟ ಹೆಚ್ಚಾದರೂ ಅದು ಹಳೇ ಪುಟಸಂಖ್ಯೆಯನ್ನೇ ತೋರಿಸುತ್ತಾ ಕೂರುತ್ತದೆ. ಹಾಗಾಗಿ ಲಿಂಕ್ ಕೆಲಸ ಮೊದಲು, ಪರಿವಿಡಿ ಕೊನೆಗೆ. ಇನ್ನು ಅಡಿಟಿಪ್ಪಣಿಯಲ್ಲಿ ಲಿಂಕ್ ಉಳಿದುಕೊಂಡಿದ್ದರೆ, ಯಾವುದಾದರೂ ಒಂದು ಟಿಪ್ಪಣಿಯೊಳಗೆ ಕರ್ಸರ್ ಇಟ್ಟು ಇದನ್ನೇ ಇನ್ನೊಮ್ಮೆ ಮಾಡಿ. ಲೇಖನದಲ್ಲಿ ನಿಂತು ಕಂಟ್ರೋಲ್ ಎ ಒತ್ತಿದರೆ ಅಡಿಟಿಪ್ಪಣಿ ಸೆಲೆಕ್ಟ್ ಆಗಲ್ಲ.

ಲಿಂಕ್ ಹೋದರೂ ಒಮ್ಮೊಮ್ಮೆ ನೀಲಿ ಬಣ್ಣ, ಗೆರೆ ಉಳಿದುಬಿಡುತ್ತವೆ. ಆಗ ಎಲ್ಲ ಸೆಲೆಕ್ಟ್ ಮಾಡಿ ಫಾಂಟ್ ಬಣ್ಣಕ್ಕೆ ‘ಆಟೋಮ್ಯಾಟಿಕ್’ ಕೊಡಿ, ಕಂಟ್ರೋಲ್ ಯು ಒಂದೆರಡು ಸಲ ಒತ್ತಿ. ಬೋಲ್ಡ್ ಮಾಡಿದ್ದು ಬೋಲ್ಡಾಗೇ ಉಳಿಯುತ್ತದೆ.

ಬೂದು ಬಣ್ಣ ಜಾಸ್ತಿ ತಲೆ ತಿನ್ನುತ್ತದೆ. ನೀವು ಹೈಲೈಟ್ ಬಟನ್‌ಗೆ ಹೋಗಿ ‘ನೋ ಕಲರ್’ ಕೊಟ್ಟು ನೋಡಿರುತ್ತೀರಿ, ಏನೂ ಆಗಿರಲ್ಲ, ಅಲ್ವಾ? ಯಾಕೆಂದರೆ ಅದು ಹೈಲೈಟ್ ಅಲ್ಲ, ಶೇಡಿಂಗ್. ಅಕ್ಷರದ ಹಿಂದಿನ ಶೇಡಿಂಗ್ ತೆಗೆಯಲು ಕಂಟ್ರೋಲ್ ಸ್ಪೇಸ್, ಪ್ಯಾರಾದ ಹಿಂದೆ ಪಟ್ಟಿಯಾಗಿ ಬಂದಿದ್ದರೆ ಕಂಟ್ರೋಲ್ ಕ್ಯೂ. ಹೋಮ್ ಟ್ಯಾಬ್‌ನಲ್ಲಿ ಎ ಅಕ್ಷರಕ್ಕೆ ರಬ್ಬರ್ ಹಿಡಿದಂತಿರುವ ‘ಕ್ಲಿಯರ್ ಆಲ್ ಫಾರ್ಮ್ಯಾಟಿಂಗ್’ ಬಟನ್ ಇದೆಯಲ್ಲ, ಅದರ ಹೆಸರಲ್ಲೇ ‘ಆಲ್’ ಇದ್ದರೂ ಹೈಲೈಟನ್ನು ಅದು ಮುಟ್ಟಲ್ಲ. ಯಾರ ಬುದ್ಧಿಯೋ ಗೊತ್ತಿಲ್ಲ.

ಆದರೆ ಕಂಟ್ರೋಲ್ ಸ್ಪೇಸ್ ಆಗಲಿ, ರಬ್ಬರ್ ಬಟನ್ ಆಗಲಿ, ಒತ್ತುವ ಮೊದಲು ಅಂಕಿಗಳನ್ನು ನೋಡಿಕೊಳ್ಳಿ. ಜೋಗದ ಎತ್ತರ 830 ಅಡಿ. ನೀವು ತಂದ ಬರಹದಲ್ಲಿ ಆ 830ರ ಹೆಗಲ ಮೇಲೆ ಚಿಕ್ಕದಾಗಿ 4 ಅಂತ ಆಧಾರದ ಸಂಖ್ಯೆ ಕೂತಿದ್ದರೆ, ಫಾರ್ಮ್ಯಾಟ್ ಒರೆಸಿದ ಕೂಡಲೇ ಅದು ಇಳಿದು ಬಂದು ಸಾಲಿಗೆ ಸೇರಿಕೊಳ್ಳುತ್ತದೆ. ಆಗ ಜೋಗ 8304 ಅಡಿ! ನೂರನೇ ವರ್ಷದ ಸಂಚಿಕೆಯಲ್ಲಿ ಇದು ಅಚ್ಚಾದರೆ ಊರವರು ಇನ್ನೂ ನೂರು ವರ್ಷ ಆಡಿಕೊಳ್ಳುತ್ತಾರೆ. ಅದಕ್ಕೇ ಈ ಪುಟಾಣಿ ಅಂಕಿಗಳನ್ನು ಮೊದಲೇ ಓಡಿಸಿ. ಕಂಟ್ರೋಲ್ ಎಚ್ ಒತ್ತಿ, ‘ಮೋರ್’ ತೆರೆದು, ಫಾರ್ಮ್ಯಾಟ್‌ನಲ್ಲಿ ಫಾಂಟ್ ಆರಿಸಿ, ‘ಸೂಪರ್‌ಸ್ಕ್ರಿಪ್ಟ್’ಗೆ ಟಿಕ್ ಹಾಕಿ. ಹುಡುಕುವ ಜಾಗ, ಬದಲಿಸುವ ಜಾಗ ಎರಡೂ ಖಾಲಿ ಇರಲಿ. ‘ರಿಪ್ಲೇಸ್ ಆಲ್’ ಒತ್ತುವ ಆಸೆ ಬೇಡ. ಶಾಲೆಯ ಜಾಗದ ಅಳತೆಯಲ್ಲಿ ಮೀಟರ್ ಮೇಲಿನ ಚಿಕ್ಕ 2 ಕೂಡ ಅದರ ಜೊತೆಗೇ ಹೋಗಿಬಿಟ್ಟೀತು. ‘ಫೈಂಡ್ ನೆಕ್ಸ್ಟ್’ ಒತ್ತುತ್ತಾ ನೋಡಿ ನೋಡಿ ತೆಗೆಯಿರಿ.

ಮುಂದಿನ ಲೇಖನಕ್ಕೆ ಇಷ್ಟೆಲ್ಲ ಒದ್ದಾಟವೇ ಬೇಡ. ಪೇಸ್ಟ್ ಮಾಡಿದ ತಕ್ಷಣ ಬೇರೇನೂ ಮುಟ್ಟದೆ ಕಂಟ್ರೋಲ್ ಒತ್ತಿ ಬಿಟ್ಟು, ಟಿ ಒತ್ತಿ. ಅಕ್ಷರ ಮಾತ್ರ ಉಳಿದು ಬಣ್ಣ, ಲಿಂಕ್, ಟೇಬಲ್ ಎಲ್ಲ ಹೋಗುತ್ತವೆ. ಲಿಬ್ರೆ ಆಫೀಸ್ ಬಳಸುವವರು ಕಂಟ್ರೋಲ್, ಶಿಫ್ಟ್, ಆಲ್ಟ್, ವಿ ಒತ್ತಿ ಪೇಸ್ಟ್ ಮಾಡಿದರೆ ಸಾಕು. ಹಾಗೆಯೇ, ವಿಕಿಪೀಡಿಯದಿಂದ ತೆಗೆದುಕೊಂಡಿದ್ದರೆ ಲೇಖನದ ಕೊನೆಗೆ ಅದನ್ನು ಹೇಳಿ. ಲಿಂಕ್ ಅಳಿಸಿದಿರಿ ಅಂತ ಋಣ ಅಳಿಸಿಹೋಗಲ್ಲ.

ಪ್ರಶ್ನೆ: ಸರ್, ನಮ್ಮ ಸಂಘದ 2009ರ ವರದಿಯನ್ನು ತೆರೆದು, ಅದರಲ್ಲಿದ್ದ ಬಣ್ಣಗಳು ಬೇಡ ಅಂತ ಆ ರಬ್ಬರ್ ಬಟನ್ ಒತ್ತಿದೆ. ಕನ್ನಡವೇ ಮಾಯ! ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೀಟು, ಎಲ್ಲೆಲ್ಲೂ ಪೌಂಡ್ ಚಿಹ್ನೆ. ಸೇವ್ ಬೇರೆ ಮಾಡಿಬಿಟ್ಟೆ. ವೈರಸ್ ಬಂದಿದೆಯಾ?
(ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ)

ಉತ್ತರ: ವೈರಸ್ ಅಲ್ಲ ಮೇಷ್ಟ್ರೇ, ಗಾಬರಿ ಬೇಡ. ನಿಮ್ಮ ವರದಿ ಎಲ್ಲೂ ಹೋಗಿಲ್ಲ. ಅದು ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಆಗಿದ್ದು. ಆ ಫಾಂಟ್‌ಗಳಲ್ಲಿ ಕಂಪ್ಯೂಟರ್‌ಗೆ ಕನ್ನಡ ಅಂತ ಗೊತ್ತೇ ಇರಲ್ಲ. ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ ಇರುತ್ತವೆ, ಫಾಂಟ್ ಅವುಗಳಿಗೆ ಕನ್ನಡದ ವೇಷ ಹಾಕಿರುತ್ತದೆ. ‘ನ’ ಅಕ್ಷರಕ್ಕೆ ಪೌಂಡ್ ಚಿಹ್ನೆಯ ಜಾಗ ಸಿಕ್ಕಿದೆ. ಕನ್ನಡದಲ್ಲಿ ‘ನ’ ಇಲ್ಲದ ಸಾಲು ಎಲ್ಲಿದೆ ಹೇಳಿ, ಅದಕ್ಕೇ ಪುಟದ ತುಂಬ ಬ್ರಿಟಿಷರ ದುಡ್ಡು. ನೀವು ಒತ್ತಿದ ಬಟನ್ ಬಣ್ಣದ ಜೊತೆ ಫಾಂಟನ್ನೂ ಕಿತ್ತು ಹಾಕಿದೆ, ವೇಷ ಕಳಚಿದೆ. ನಾನೂ ಒಮ್ಮೆ ರಾತ್ರಿ ಹನ್ನೊಂದಕ್ಕೆ ಹೀಗೇ ಮಾಡಿಕೊಂಡು ಬೆವತಿದ್ದೆ.

ಪೂರ್ತಿ ಸೆಲೆಕ್ಟ್ ಮಾಡಿ, ಫಾಂಟ್ ಪಟ್ಟಿಯಲ್ಲಿ ‘ನುಡಿ 01 ಇ’ ಆರಿಸಿ. ಕನ್ನಡ ವಾಪಸ್ ಬರುತ್ತದೆ. ನಡುವೆ ಇಂಗ್ಲಿಷ್‌ನಲ್ಲಿ ಬರೆದ ಪದಗಳಿದ್ದರೆ ಅವು ಈಗ ಕನ್ನಡದ ಕಲಸುಮೇಲೋಗರ ಆಗಿ ಕಾಣುತ್ತವೆ, ಅವಕ್ಕೆ ಮಾತ್ರ ಬೇರೆ ಫಾಂಟ್ ಕೊಡಬೇಕು. ದಪ್ಪ ಅಕ್ಷರ, ತಲೆಬರಹದ ಅಳತೆ ಇವನ್ನೆಲ್ಲ ಕೈಯಾರೆ ಮತ್ತೆ ಮಾಡದೆ ಬೇರೆ ದಾರಿಯಿಲ್ಲ. ಇಂಥ ಫೈಲಿಗೆ ಕಂಟ್ರೋಲ್ ಸ್ಪೇಸ್ ಕೂಡ ಒತ್ತಬೇಡಿ, ಅದೂ ಫಾಂಟ್ ಕೀಳುತ್ತದೆ. ಬಣ್ಣ ಬೇಡ ಅಂದರೆ ಬಣ್ಣವನ್ನಷ್ಟೇ ಬದಲಿಸಿ. ಪುರುಸೊತ್ತಾದಾಗ ಯೂನಿಕೋಡ್‌ಗೆ, ಅಂದರೆ ಕಂಪ್ಯೂಟರ್ ಕನ್ನಡವನ್ನು ಕನ್ನಡ ಅಂತಲೇ ಗುರುತಿಸುವ ವ್ಯವಸ್ಥೆಗೆ, ಬದಲಾಯಿಸಿಕೊಳ್ಳಿ, ಆಗ ಯಾವ ರಬ್ಬರ್ ಒತ್ತಿದರೂ ಕನ್ನಡ ಕನ್ನಡವಾಗೇ ಇರುತ್ತದೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಒಮ್ಮೆ ಕಣ್ಣಾಡಿಸಿ. ಮೇಷ್ಟ್ರಿಗೆ ಇದನ್ನು ನಾನು ಹೇಳಬೇಕಾ!

ಪ್ರಶ್ನೆ: ನಮ್ಮ ಹೋಂಸ್ಟೇ ದರಪಟ್ಟಿಯಲ್ಲಿ ಇಮೇಲ್ ವಿಳಾಸ ಟೈಪ್ ಮಾಡಿ ಸ್ಪೇಸ್ ಒತ್ತಿದ ಕೂಡಲೇ ನೀಲಿಯಾಗುತ್ತದೆ. ತೆಗೆದರೆ ಮತ್ತೆ ಬರುತ್ತದೆ.
(ಹೊಸನಗರದ ಓದುಗರು)

ಉತ್ತರ: ನೀಲಿಯಾದ ಕ್ಷಣದಲ್ಲೇ ಕಂಟ್ರೋಲ್ ಝಡ್ ಒಂದು ಸಲ ಒತ್ತಿ. ಲಿಂಕ್ ಮಾತ್ರ ಹೋಗುತ್ತದೆ, ವಿಳಾಸ ಇರುತ್ತದೆ. ಶಾಶ್ವತವಾಗಿ ಬೇಡ ಅಂದರೆ ಫೈಲ್, ಆಪ್ಶನ್ಸ್, ಪ್ರೂಫಿಂಗ್, ಅಲ್ಲಿಂದ ‘ಆಟೋಕರೆಕ್ಟ್ ಆಪ್ಶನ್ಸ್’. ‘ಆಟೋಫಾರ್ಮ್ಯಾಟ್ ಆ್ಯಸ್ ಯು ಟೈಪ್’ ಅನ್ನುವ ಟ್ಯಾಬ್‌ನಲ್ಲಿ ಇಂಟರ್‌ನೆಟ್ ವಿಳಾಸಗಳನ್ನು ಹೈಪರ್‌ಲಿಂಕ್ ಮಾಡುವ ಸಾಲು ಇದೆ, ಅದರ ಟಿಕ್ ತೆಗೆಯಿರಿ. ಆದರೆ ದರಪಟ್ಟಿಯನ್ನು ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುವವರಾದರೆ ಆ ಲಿಂಕ್ ಇರಲಿ ಬಿಡಿ, ಬೆಂಗಳೂರಿನವರು ಅದನ್ನು ಒತ್ತಿಯೇ ರೂಮು ಕೇಳುವುದು. ಬಣ್ಣ ಮಾತ್ರ ಕಪ್ಪು ಮಾಡಿಕೊಳ್ಳಿ.