ಬಿಎ ಕ್ರಿಮಿನಾಲಜಿ ಓದಿದರೆ ಎಫ್‌ಎಸ್‌ಎಲ್ ಕೆಲಸ ಸಿಗುತ್ತಾ?

ಪ್ರಶ್ನೆ: ಮೇಡಂ, ನಾನು ಪಿಯುಸಿಯಲ್ಲಿ ಆರ್ಟ್ಸ್. ಬಿಎಗೆ ಕ್ರಿಮಿನಾಲಜಿ (ಅಪರಾಧಶಾಸ್ತ್ರ) ತೆಗೆದುಕೊಂಡರೆ ಮುಂದೆ ಎಫ್‌ಎಸ್‌ಎಲ್‌ನಲ್ಲಿ, ಅಂದರೆ ಅಪರಾಧದ ಸಾಕ್ಷ್ಯ ಪರೀಕ್ಷಿಸುವ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ, ಕೆಲಸ ಸಿಗುತ್ತದೆಯೇ?
– ವಿದ್ಯಾರ್ಥಿನಿ, ಹಾವೇರಿ

ಅಡ್ಮಿಷನ್ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ತಪ್ಪು ನಿಮ್ಮದಲ್ಲ ಬಿಡಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ, ವಿಧಿವಿಜ್ಞಾನ ಎರಡಕ್ಕೂ ಒಂದೇ ವಿಭಾಗ. ಮೈಸೂರಿನ ಮಹಾರಾಜ ಕಾಲೇಜಿನ ಬಿಎನಲ್ಲೂ ಎರಡೂ ಜೊತೆಗೇ ಇವೆ. ಹಾಗಂತ ಕೆಲಸವೂ ಒಂದೇ ಅಲ್ಲ.

ವಿಷದಿಂದ ಸತ್ತ ಅನುಮಾನ ಇದ್ದರೆ ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರು ಜಠರ, ಕರುಳು, ಲಿವರ್, ಕಿಡ್ನಿಯ ತುಂಡುಗಳನ್ನು ಗಟ್ಟಿ ಉಪ್ಪುನೀರಿನ ಬಾಟಲಿಗೆ ಹಾಕಿ, ಸೀಲ್ ಮಾಡಿ ಕಳಿಸುತ್ತಾರೆ. ಲ್ಯಾಬಿನವರು ಮೊದಲು ಸೀಲ್ ಸರಿಯಿದೆಯಾ ನೋಡಬೇಕು. ಆಮೇಲೆ ಆ ತುಂಡುಗಳಿಂದ ವಿಷ ಬೇರೆ ಮಾಡಿ, ರಾಸಾಯನಿಕಗಳನ್ನು ಬೇರೆ ಬೇರೆ ಮಾಡಿ ತೋರಿಸುವ ಟಿಎಲ್‌ಸಿ ಪ್ಲೇಟಿನಲ್ಲಿ ಪರೀಕ್ಷಿಸಿ, ಅದು ಯಾವ ವಿಷ ಎಂದು ಗುರುತಿಸುವ ಜಿಸಿ-ಎಂಎಸ್ ಯಂತ್ರದಲ್ಲಿ ಖಚಿತ ಮಾಡಿಕೊಳ್ಳಬೇಕು. ಇದು ಅಪ್ಪಟ ಕೆಮಿಸ್ಟ್ರಿ. ಡಿಎನ್‌ಎ ವಿಭಾಗಕ್ಕೆ ಬಯಾಲಜಿ ಬೇಕು. ಕೋರ್ಟಿಗೆ ಸಾಕ್ಷಿ ಹೇಳಲು ಹೋದರೆ ಆರೋಪಿ ಪರ ವಕೀಲರು ನಿಮ್ಮ ಡಿಗ್ರಿಯನ್ನೇ ಕೆದಕುತ್ತಾರೆ. ಬಿಎ ಹಿಡಿದುಕೊಂಡು ಅಲ್ಲಿ ನಿಲ್ಲಲು ಆಗುವುದಿಲ್ಲ.

2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) ಜಾರಿಗೆ ಬಂದಿದೆ. ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕು ಎನ್ನುತ್ತದೆ ಅದರ 176(3)ನೇ ಕಲಂ. ಇದನ್ನೇ ತೋರಿಸಿ, ಇನ್ನು ಎಫ್‌ಎಸ್‌ಎಲ್ ಕೆಲಸ ಬೇಕಾದಷ್ಟು ಅಂತ ಹೇಳಿ ಸೀಟು ತುಂಬಿಸಿಕೊಳ್ಳುವವರಿದ್ದಾರೆ. ಆದರೆ ಇದನ್ನು ಜಾರಿ ಮಾಡಲು ರಾಜ್ಯಗಳಿಗೆ ಐದು ವರ್ಷ ಸಮಯವಿದೆ ಅನ್ನುವುದನ್ನು ಮಾತ್ರ ಬಾಯಿ ಬಿಡುವುದಿಲ್ಲ.

ಹಾಗಾದರೆ ಕ್ರಿಮಿನಾಲಜಿ ದಂಡವೇ? ಖಂಡಿತ ಇಲ್ಲ. ಹದಿನಾರರ ಹುಡುಗ ಬೈಕ್ ಕದ್ದು ಸಿಕ್ಕಿಬಿದ್ದ ಅಂದುಕೊಳ್ಳಿ. ಅವನನ್ನು ಬಾಲ ನ್ಯಾಯ ಮಂಡಳಿ ಮುಂದೆ ಹಾಜರುಪಡಿಸಿದ ಮೇಲೆ 15 ದಿನದಲ್ಲಿ ಪ್ರೊಬೇಷನ್ ಆಫೀಸರ್ ಸಾಮಾಜಿಕ ತನಿಖಾ ವರದಿ ಕೊಡಬೇಕು. ಹುಡುಗ ಶಾಲೆ ಬಿಟ್ಟಿದ್ದು ಯಾವಾಗ, ಅಪ್ಪ ಕುಡಿಯುತ್ತಾನಾ, ಬೈಕ್ ಮಾರಿಸಿದ ದೊಡ್ಡವರು ಯಾರು, ಎಲ್ಲ ಕೇಳಿ ಬರೆಯಬೇಕು. ಬಾಗಿಲಲ್ಲೇ ನಿಂತು ಎರಡು ಮಾತಾಡಿ ಬಂದರೆ ಏನೂ ಸಿಗುವುದಿಲ್ಲ. ಒಳಗೆ ಕೂತು ಅವರಮ್ಮನ ಮಾತು ಪೂರ್ತಿ ಕೇಳಬೇಕು. ಕ್ರಿಮಿನಾಲಜಿ ಚೆನ್ನಾಗಿ ಓದಿದವರಿಗೆ ಏನು ಕೇಳಬೇಕು ಅಂತ ಗೊತ್ತಿರುತ್ತದೆ.

ಜೈಲು, ಮಕ್ಕಳ ರಕ್ಷಣಾ ಘಟಕ, ಸಂತ್ರಸ್ತರಿಗೆ ನೆರವು ಕೊಡುವ ಸಂಸ್ಥೆಗಳಲ್ಲೂ ಈ ಓದು ಕೆಲಸಕ್ಕೆ ಬರುತ್ತದೆ. ಆದರೆ ಅಧಿಸೂಚನೆಗಳಲ್ಲಿ ಸಮಾಜಕಾರ್ಯದ ಪದವಿಗೇ ಬೆಲೆ ಜಾಸ್ತಿ. ಅದಕ್ಕೇ ಬಿಎ ಆದ ಮೇಲೆ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿ ಅನ್ನುತ್ತೇನೆ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅಪರಾಧಶಾಸ್ತ್ರಕ್ಕೆ ಹೆಸರಾದ ಜಾಗ. ಪಾಠ ಮಾಡುವ ಆಸೆ ಇದ್ದರೆ ಯುಜಿಸಿ-ನೆಟ್‌ನಲ್ಲಿ ಕ್ರಿಮಿನಾಲಜಿಯೂ ಒಂದು ವಿಷಯ. ಒಂದು ಮಾತು ಮಾತ್ರ ನೆನಪಿರಲಿ: ಮಕ್ಕಳ ರಕ್ಷಣಾ ಘಟಕದ ಬಹಳಷ್ಟು ಹುದ್ದೆಗಳು ಗುತ್ತಿಗೆಯವು. ಮನೆಯಲ್ಲಿ ಸಾಲ ಇದ್ದರೆ ಯೋಚಿಸಿ ಕಾಲಿಡಿ.

ಪ್ರಶ್ನೆ: ಎರಡು ದಿನದ ಆನ್‌ಲೈನ್ ಕೋರ್ಸ್ ಮಾಡಿದರೆ ‘ಕ್ರಿಮಿನಲ್ ಪ್ರೊಫೈಲರ್’ (ಅಪರಾಧದ ರೀತಿ ನೋಡಿ ಅಪರಾಧಿ ಎಂಥವನೆಂದು ಅಂದಾಜಿಸುವವರು) ಸರ್ಟಿಫಿಕೇಟ್, ಐಡಿ ಕಾರ್ಡ್ ಕೊಡುತ್ತಾರಂತೆ. ಕೈಬರಹ ನೋಡಿ ಸ್ವಭಾವ ಹೇಳುವುದನ್ನೂ ಕಲಿಸುತ್ತಾರೆ. ಸೇರಲೇ?

ಬೇಡ. ಆ ಐಡಿ ಕಾರ್ಡ್ ತೋರಿಸಿ ಯಾರನ್ನಾದರೂ ವಿಚಾರಣೆ ಮಾಡಲು ಹೋದರೆ ಠಾಣೆಯಲ್ಲಿ ನಿಮ್ಮ ವಿಚಾರಣೆ ಆಗುತ್ತದೆ. ಇನ್ನು ಕೈಬರಹದ ಸ್ವಭಾವ ಶಾಸ್ತ್ರ ಗಿಳಿಶಾಸ್ತ್ರದ ತಮ್ಮ ಅಷ್ಟೇ. ಲ್ಯಾಬಿನ ದಾಖಲೆ ತಜ್ಞರು ಎರಡು ಸಹಿ ಒಬ್ಬರದ್ದೇನಾ ಅಂತ ಹೋಲಿಸುತ್ತಾರೆ, ಸಹಿ ಮಾಡಿದವರು ಕೋಪಿಷ್ಠರಾ ಅಂತಲ್ಲ.

ಪ್ರಶ್ನೆ: ಕ್ರಿಮಿನಾಲಜಿ ಓದಿದರೆ ಪಿಎಸ್‌ಐ, ಐಪಿಎಸ್‌ಗೆ ಅನುಕೂಲ ಅಲ್ವಾ?

ಎರಡಕ್ಕೂ ಯಾವ ಡಿಗ್ರಿಯಾದರೂ ನಡೆಯುತ್ತದೆ. ಯುಪಿಎಸ್‌ಸಿ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಕ್ರಿಮಿನಾಲಜಿಯೇ ಇಲ್ಲ.

ಪ್ರಶ್ನೆ: ನಾನು ನಾರ್ಕೋ ಪರೀಕ್ಷೆ (ಮದ್ದು ಕೊಟ್ಟು ಮಂಪರಿನಲ್ಲಿ ಪ್ರಶ್ನೆ ಕೇಳುವುದು) ತಜ್ಞ ಆಗಬೇಕು.

ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ, ಒಪ್ಪಿಗೆ ಇಲ್ಲದೆ ಈ ಪರೀಕ್ಷೆ ಮಾಡುವಂತಿಲ್ಲ. ಮದ್ದು ಕೊಡುವವರು ಅರಿವಳಿಕೆ ಡಾಕ್ಟರು. ಮೊದಲು ನೀಟ್ ಬರೆಯಿರಿ.