ಮೊಮ್ಮಕ್ಕಳ ಜೊತೆ ಚಾಕೊಲೇಟ್: ಕೈಗೆ ಮೆತ್ತಿಕೊಳ್ಳದ ಬಾರ್ ಸಿಗುತ್ತದೆಯೇ?

ಪ್ರಶ್ನೆ: ಬೇಸಿಗೆ ರಜೆಗೆ ಬರುವ ಇಬ್ಬರು ಮೊಮ್ಮಕ್ಕಳಿಗೆ ಚಾಕೊಲೇಟ್ ಬಾರ್ ತಂದುಕೊಟ್ಟು, ಅವರ ಜೊತೆ ನಾನೂ ಒಂದು ತುಣುಕು ತಿನ್ನುವುದು ನನಗೆ ಬಹಳ ಇಷ್ಟ. ದೊಡ್ಡವಳಿಗೆ ಏಳು ವರ್ಷ, ಚಿಕ್ಕವನಿಗೆ ಮೂರು. ಆದರೆ ನಮ್ಮೂರಿನ ಬಿಸಿಲಿಗೆ ಅಂಗಡಿಯಿಂದ ಮನೆ ತಲುಪುವಷ್ಟರಲ್ಲೇ ಬಾರ್ ಮೆತ್ತಗಾಗಿ, ಮಕ್ಕಳ ಕೈ, ಮೂತಿ, ನನ್ನ ಸೆರಗು, ಸೋಫಾದ ಬಟ್ಟೆ ಎಲ್ಲಕ್ಕೂ ಮೆತ್ತಿಕೊಳ್ಳುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಮೇಲೆ ಬೆಳ್ಳಗೆ ಏನೋ ಕಟ್ಟುತ್ತದೆ. ಬೂಷ್ಟು ಬಂದಿದೆಯೆಂದು ಸೊಸೆ ಅದನ್ನು ಎಸೆದಳು. ಅಂಗಡಿಯವರು ಕಡಿಮೆ ಬೆಲೆಯ, ಬೇಗ ಕರಗದ ಬೇರೊಂದು ಬಾರ್ ತೋರಿಸುತ್ತಾರೆ. ಅದನ್ನೇ ಕೊಳ್ಳಬಹುದೇ?
– ಓದುಗರು, ರಾಯಚೂರು

ಉತ್ತರ: ಚಾಕೊಲೇಟ್ ಬೆರಳಿಗೆ ಮೆತ್ತಿಕೊಳ್ಳುವುದಕ್ಕೂ ನಾಲಿಗೆಯ ಮೇಲೆ ಹಿತವಾಗಿ ಕರಗುವುದಕ್ಕೂ ಕಾರಣ ಒಂದೇ, ಅದರಲ್ಲಿರುವ ಕೋಕೋ ಬೆಣ್ಣೆ. ಕೋಕೋ ಬೀಜದ ತೂಕದಲ್ಲಿ ಸುಮಾರು ಅರ್ಧದಷ್ಟಿರುವ ಈ ಕೊಬ್ಬು ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು. ಅವುಗಳಲ್ಲಿ ಐದನೆಯ ಬಗೆಯೇ ಹೆಚ್ಚು ಮೂಡುವಂತೆ ಕಾರ್ಖಾನೆಯವರು ಕರಗಿದ ಚಾಕೊಲೇಟನ್ನು ಅಳತೆಯಿಟ್ಟು ತಣಿಸಿ, ಮತ್ತೆ ತುಸು ಬಿಸಿ ಮಾಡಿ ಹದಗೊಳಿಸುತ್ತಾರೆ. ಬಾರಿಗೆ ಹೊಳಪೂ ಮುರಿದಾಗ ಕೇಳುವ ಆ ಟಕ್ಕೆಂಬ ಸದ್ದೂ ಬರುವುದು ಈ ಹದದಿಂದ. ಆ ಹರಳು ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಮೈಶಾಖಕ್ಕಿಂತ ಸ್ವಲ್ಪ ಕೆಳಗೆ ಕರಗುತ್ತದೆ. ಹಾಲಿನ ಕೊಬ್ಬು ಬೆರೆತ ಮಿಲ್ಕ್ ಚಾಕೊಲೇಟ್ ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಿಮ್ಮೂರಿನಲ್ಲಿ ಯಾವ ಒಳ್ಳೆಯ ಬಾರ್ ಆದರೂ ಗಟ್ಟಿಯಾಗಿ ಉಳಿಯಲಾರದು.

ಸೊಸೆ ಎಸೆದ ಬಾರಿನ ಮೇಲಿದ್ದದ್ದು ಬಹುತೇಕ ಬೂಷ್ಟಲ್ಲ. ಒಮ್ಮೆ ಕರಗಿದ ಚಾಕೊಲೇಟ್ ಹದ ತಪ್ಪಿ ಮತ್ತೆ ಗಟ್ಟಿಯಾದಾಗ ಕೊಬ್ಬು ಮೇಲಕ್ಕೆ ಬಂದು ಬೂದು ಬಣ್ಣದ ಪದರ ಕಟ್ಟುತ್ತದೆ. ಬೆರಳಿನಿಂದ ಉಜ್ಜಿದರೆ ಅದು ಮಾಯವಾಗುತ್ತದೆ. ತಣ್ಣಗಿನ ಬಾರನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಬಿಚ್ಚಿದರೆ ಗಾಳಿಯ ತೇವ ಅದರ ಮೇಲೆ ಹನಿಗಟ್ಟಿ, ಸಕ್ಕರೆಯನ್ನು ಕರಗಿಸಿ, ಒಣಗಿದ ಮೇಲೆ ಒರಟಾದ ಬಿಳಿ ಪುಡಿಯನ್ನು ಉಳಿಸುತ್ತದೆ. ಎರಡರಿಂದಲೂ ರುಚಿ ಕೆಡುತ್ತದೆಯೇ ಹೊರತು ಆರೋಗ್ಯವಲ್ಲ. ಚಾಕೊಲೇಟಿಗೆ 15ರಿಂದ 18 ಡಿಗ್ರಿಯ ಒಣ ಜಾಗ ಒಳ್ಳೆಯದು, ಆದರೆ ಬೇಸಿಗೆಯಲ್ಲಿ ಅಂಥ ಜಾಗ ನಮ್ಮ ಮನೆಗಳಲ್ಲಿ ಎಲ್ಲಿದೆ? ಆದ್ದರಿಂದ ಫ್ರಿಜ್ಜೇ ಗತಿ. ಕವರಿನ ಸಮೇತ ಬಾರನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ತರಕಾರಿಯ ಖಾನೆಯಲ್ಲಿಡಿ, ಏಕೆಂದರೆ ಅದು ಪಕ್ಕದ ಈರುಳ್ಳಿ, ಸಾರುಗಳ ವಾಸನೆಯನ್ನೂ ಹೀರಿಕೊಳ್ಳುತ್ತದೆ. ತಿನ್ನುವ ಮೊದಲು ಡಬ್ಬಿಯನ್ನು ಮುಚ್ಚಿದಂತೆಯೇ ಹೊರಗೆ ತೆಗೆದು ಹತ್ತು ಹದಿನೈದು ನಿಮಿಷ ಬಿಟ್ಟು, ಆಮೇಲೆ ಬಿಚ್ಚಿ.

ಇನ್ನು ಅಂಗಡಿಯವರು ತೋರಿಸುವ ಬಾರಿನ ವಿಷಯ. ಹೆಚ್ಚಾಗಿ ಅದು ಕಾಂಪೌಂಡ್ ಎಂದು ಕರೆಯುವ ಬಗೆಯಾಗಿದ್ದು, ಅದರಲ್ಲಿ ಕೋಕೋ ಬೆಣ್ಣೆಯ ಬದಲು ತಾಳೆ ಬೀಜದ ಕೊಬ್ಬು ಅಥವಾ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ. ಲೇಬಲ್ಲಿನಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಿರುತ್ತಾರೆ. ಮೊದಲ ಎರಡು ಮೂರು ಹೆಸರುಗಳಲ್ಲಿ ಸಕ್ಕರೆ ಮತ್ತು ಸಸ್ಯಜನ್ಯ ಕೊಬ್ಬು ಇದ್ದು, ಕೋಕೋ ಬೆಣ್ಣೆಯ ಹೆಸರೇ ಕಾಣದಿದ್ದರೆ ಅದು ಇದೇ ಎಂದು ತಿಳಿಯಿರಿ. ಹೀಗೆ ಗಟ್ಟಿ ಮಾಡುವಾಗ ಹುಟ್ಟುವ, ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಕೊಬ್ಬಿನ ಬಗ್ಗೆ ವನಸ್ಪತಿಯ ಕಾಲದಲ್ಲಿದ್ದ ಭಯಕ್ಕೆ ಈಗ ಮೊದಲಿನಷ್ಟು ಆಧಾರವಿಲ್ಲ. 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಅದು ಶೇ 2ನ್ನು ಮೀರಬಾರದೆಂಬ ನಿಯಮವಿದೆ. ಅಪರೂಪಕ್ಕೆ ಒಂದು ತುಣುಕು ತಿಂದರೆ ಅಪಾಯವಿಲ್ಲ, ಆದರೆ ಅದು ಬಾಯಲ್ಲಿಯೂ ಪೂರ್ತಿ ಕರಗದೆ ಅಂಗುಳಿಗೆ ಮೇಣದಂತೆ ಹತ್ತಿಕೊಳ್ಳುತ್ತದೆ. ಕೈ ಕೊಳೆಯಾಗದ ಅನುಕೂಲಕ್ಕೆ ಇಷ್ಟು ದೊಡ್ಡ ಬೆಲೆ ತೆರಬೇಕಿಲ್ಲವೆಂಬುದು ನನ್ನ ಅಭಿಪ್ರಾಯ.

ಕರಗದ ಬಾರಿಗಾಗಿ ಹುಡುಕಿದವರಲ್ಲಿ ನೀವು ಮೊದಲಿಗರೇನಲ್ಲ. 1937ರಲ್ಲಿ ಅಮೆರಿಕದ ಸೇನೆಯ ಕ್ಯಾಪ್ಟನ್ ಪಾಲ್ ಲೋಗನ್ ಅವರು ಹರ್ಷೀಸ್ ಕಂಪನಿಗೆ ನಾಲ್ಕು ಔನ್ಸ್ ತೂಕದ, ಬಿಸಿಗೆ ಕರಗದ, ಬಹಳ ಶಕ್ತಿ ಕೊಡುವ ಬಾರ್ ಮಾಡಿಕೊಡಲು ಹೇಳಿದ್ದರು. ಸೈನಿಕರು ಆಪತ್ಕಾಲಕ್ಕೆ ಇಟ್ಟುಕೊಳ್ಳದೆ ಮೊದಲೇ ತಿಂದು ಮುಗಿಸಬಾರದೆಂದು, ಅದರ ರುಚಿ ಬೇಯಿಸಿದ ಆಲೂಗಡ್ಡೆಗಿಂತ ಸ್ವಲ್ಪವೇ ಚೆನ್ನಾಗಿದ್ದರೆ ಸಾಕೆಂಬುದೂ ಅವರ ಷರತ್ತಾಗಿತ್ತು. ಓಟ್ಸ್ ಹಿಟ್ಟು ಬೆರೆಸಿ ತಯಾರಿಸಿದ ಆ ಬಾರ್ ಬಿಸಿಲನ್ನು ತಾಳಿಕೊಂಡಿತು. ಸೈನಿಕರಿಗೆ ಮಾತ್ರ ಅದು ಹಿಡಿಸಲಿಲ್ಲ. 1941ರಲ್ಲಿ ಬಂದ ಎಂ ಅಂಡ್ ಎಂ ಗುಳಿಗೆಗಳು ಬೇರೆ ದಾರಿ ಹಿಡಿದವು: ಒಳಗಿನ ಚಾಕೊಲೇಟನ್ನು ಇದ್ದಂತೆಯೇ ಬಿಟ್ಟು, ಹೊರಗೆ ಸಕ್ಕರೆಯ ಗಟ್ಟಿ ಚಿಪ್ಪು ಹೊದಿಸಿದವು. ನಮ್ಮ ಮಕ್ಕಳಿಗೆ ಪರಿಚಿತವಾದ ಜೆಮ್ಸ್ ಕೂಡ ಇದೇ ಜಾತಿಯದು. ಪ್ರಯಾಣದ ಹೊತ್ತಿಗೆ ಇವು ಅನುಕೂಲ, ಆದರೆ ಬೆವತ ಅಂಗೈಯಲ್ಲಿ ಹೆಚ್ಚು ಹೊತ್ತು ಹಿಡಿದರೆ ಚಿಪ್ಪಿನ ಬಣ್ಣವೇ ಕೈಗೆ ಹತ್ತುತ್ತದೆ.

ಬಾರನ್ನೇ ಕೊಳ್ಳುವುದಾದರೆ ಆಳವಾದ ಗೆರೆಗಳಿರುವ, ಒಂದೇ ತುತ್ತಿಗೆ ಆಗುವಂಥ ಚಿಕ್ಕ ತುಂಡುಗಳಾಗಿ ಮುರಿಯುವುದನ್ನು ಆರಿಸಿ. ಮಗು ಕಚ್ಚಿ, ಮಾತಾಡಿ, ಮತ್ತೆ ಕಚ್ಚುವ ನಡುವಿನ ಹೊತ್ತಿನಲ್ಲೇ ಬೆರಳಿನ ಬಿಸಿಗೆ ಚಾಕೊಲೇಟ್ ಕರಗುವುದು. ಆದ್ದರಿಂದ ಕವರನ್ನು ಬಿಚ್ಚುವ ಮೊದಲೇ, ಹೊರಗಿನಿಂದ ಒತ್ತಿ ಗೆರೆಗಳಗುಂಟ ಮುರಿದುಕೊಂಡು, ಮುಂಚೆಯೇ ತಣ್ಣಗೆ ಮಾಡಿಟ್ಟ ಸ್ಟೀಲ್ ತಟ್ಟೆಗೆ ಸುರಿದು, ಒಬ್ಬೊಬ್ಬರಿಗೆ ಒಂದೊಂದು ತುಣುಕಿನಂತೆ ನೇರವಾಗಿ ಬಾಯಿಗೆ ಹಾಕಿಕೊಳ್ಳಲು ಹೇಳಿ. ಏಳು ವರ್ಷದವಳಿಗೆ ಹಂಚುವ ಯಜಮಾನಿಕೆ ಕೊಟ್ಟರೆ ಜಗಳವೂ ಕಡಿಮೆಯಾಗುತ್ತದೆ. ಹಾಲಿನದಕ್ಕಿಂತ ಡಾರ್ಕ್ ಚಾಕೊಲೇಟ್ ತುಸು ಹೆಚ್ಚು ಹೊತ್ತು ಗಟ್ಟಿಯಾಗಿರುತ್ತದೆ, ಆದರೆ ಅದರ ಕಹಿಯನ್ನು ಮಕ್ಕಳು ಒಪ್ಪುವುದು ಅಪರೂಪ. ವೇಫರ್ ಇರುವ ಬಾರಿನಲ್ಲಿ ಚಾಕೊಲೇಟ್ ಪದರ ತೆಳುವಾದ್ದರಿಂದ ಕೈಗೆ ಹತ್ತುವುದೂ ಕಡಿಮೆ. ನೆಲದ ಮೇಲೆ ಬೀಳುವ ಪುಡಿಯನ್ನು ಗುಡಿಸಿದರಾಯಿತು. ಕ್ಯಾರಮೆಲ್ ತುಂಬಿದವನ್ನು ಬೇಸಿಗೆಯಲ್ಲಿ ತರಲೇಬೇಡಿ, ಅವು ಹಲ್ಲಿನ ಸಂದಿಗೂ ಸೇರಿಕೊಳ್ಳುತ್ತವೆ. ಇಡೀ ಬಾದಾಮಿ, ಗೋಡಂಬಿ ಇರುವ ಬಾರನ್ನು ಮೂರು ವರ್ಷದ ಮಗುವಿಗೆ ಕೊಡಕೂಡದು. ಐದು ವರ್ಷ ತುಂಬುವವರೆಗೆ ಅವು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ.

ಹೊತ್ತನ್ನೂ ಆರಿಸಿಕೊಳ್ಳಿ. ಕೊಂಡು ತರುವುದು ಬೆಳಿಗ್ಗೆ ಆಗಲಿ, ತಿನ್ನುವುದು ರಾತ್ರಿ ಊಟದ ಬೆನ್ನಿಗೆ, ಸೋಫಾ ಬಿಟ್ಟು ನೆಲದ ಮೇಲೆ ಕುಳಿತು ಆಗಲಿ. ದಿನವಿಡೀ ಆಗಾಗ ಚೂರು ಚೂರು ತಿನ್ನುವುದಕ್ಕಿಂತ ಊಟದ ಜೊತೆಗೇ ಒಮ್ಮೆ ತಿಂದು, ನೀರಿನಿಂದ ಬಾಯಿ ಮುಕ್ಕಳಿಸಿ, ಮಲಗುವ ಮುನ್ನ ಹಲ್ಲುಜ್ಜಿಸುವುದು ಹಲ್ಲಿಗೂ ಒಳ್ಳೆಯದು.

ಪ್ರಶ್ನೆ: ನಾನು ಸಕ್ಕರೆ ಕಾಯಿಲೆಯವನು. ಮೊಮ್ಮಗಳು ತನ್ನ ಪಾಲಿನಲ್ಲಿ ತಾತನಿಗೂ ಕೊಡುತ್ತಾಳೆ. ಬೇಡವೆಂದರೆ ಮುಖ ಸಣ್ಣದು ಮಾಡುತ್ತಾಳೆ. ಶುಗರ್ ಫ್ರೀ ಬಾರ್ ತಂದು ಇಬ್ಬರೂ ತಿನ್ನಬಹುದೇ?
– ಓದುಗರು, ಪುತ್ತೂರು

ಉತ್ತರ: ಅಂಥ ಬಾರುಗಳಲ್ಲಿ ಹಲವಕ್ಕೆ ಮಾಲ್ಟಿಟಾಲ್ ಎಂಬ ಸಿಹಿಯನ್ನು ಹಾಕಿರುತ್ತಾರೆ. ಅದು ಸಕ್ಕರೆಗಿಂತ ಕಡಿಮೆಯಾದರೂ ರಕ್ತದ ಗ್ಲೂಕೋಸನ್ನು ಏರಿಸಿಯೇ ಏರಿಸುತ್ತದೆ; ಹೆಚ್ಚು ತಿಂದರೆ, ಅದರಲ್ಲೂ ಮಕ್ಕಳಿಗೆ, ಹೊಟ್ಟೆ ಕೆಡುತ್ತದೆ. ಮಗುವಿಗೆ ಅದು ಬೇಡ. ಸಾಮಾನ್ಯ ಮಿಲ್ಕ್ ಚಾಕೊಲೇಟಿನ ತೂಕದಲ್ಲಿ ಸುಮಾರು ಅರ್ಧ ಸಕ್ಕರೆಯೇ ಇರುವುದರಿಂದ, ಅವಳ ಪಾಲಿನಿಂದ ಬರುವ ಒಂದು ಚಿಕ್ಕ ತುಣುಕಿಗೆ ಆ ದಿನದ ಊಟದಲ್ಲಿ ಲೆಕ್ಕ ಹೊಂದಿಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಹೊಂದುತ್ತದೆಂದರೆ ಊಟವಾದ ಕೂಡಲೇ ತಿನ್ನಿ. ನಿಮ್ಮೂರಿನಲ್ಲಿ 1986ರಿಂದ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ ಇದೆ, ಸುತ್ತಲಿನ ಅಡಿಕೆ ತೋಟಗಳ ನಡುವೆ ಕೋಕೋ ಬೆಳೆಯುತ್ತದೆ. ಮೊಮ್ಮಗಳನ್ನು ಪರಿಚಯದವರ ತೋಟಕ್ಕೆ ಕರೆದೊಯ್ದು, ಹಣ್ಣಾದ ಕೋಕೋ ಕಾಯಿ ಒಡೆಸಿ, ಬೀಜದ ಮೇಲಿನ ಹುಳಿಸಿಹಿ ಬಿಳಿ ತಿರುಳನ್ನು ಚೀಪಲು ಕೊಡಿ. ನಿಮಗೂ ಒಂದೆರಡು ಬೀಜ ಚೀಪಲು ಅಡ್ಡಿಯಿರಲಾರದು.

ಪ್ರಶ್ನೆ: ಹತ್ತಿ ಸೀರೆಗೆ ಆದ ಚಾಕೊಲೇಟ್ ಕಲೆ ತೆಗೆಯುವುದು ಹೇಗೆ?
– ಓದುಗರು, ದಾವಣಗೆರೆ

ಉತ್ತರ: ಒರೆಸಬೇಡಿ, ಕಲೆ ಹರಡುತ್ತದೆ. ಐಸ್ ತುಂಡಿಟ್ಟು ಗಟ್ಟಿ ಮಾಡಿ, ಚಮಚದ ಅಂಚಿನಿಂದ ಕೆರೆದು ತೆಗೆಯಿರಿ. ಬಟ್ಟೆಯ ಹಿಂಬದಿಯಿಂದ ತಣ್ಣೀರು ಬಿಟ್ಟು, ಜಿಡ್ಡು ಬಿಡಿಸಲು ಪಾತ್ರೆ ತೊಳೆಯುವ ದ್ರವ ಸೋಪನ್ನು ಹಚ್ಚಿ ಸ್ವಲ್ಪ ಹೊತ್ತು ನೆನೆಸಿ ಒಗೆಯಿರಿ. ಬಿಸಿನೀರು ಹಾಕಿದರೆ ಹಾಲಿನ ಅಂಶ ನೂಲಿಗೆ ಕಚ್ಚಿಕೊಳ್ಳುತ್ತದೆ. ಕಲೆ ಪೂರ್ತಿ ಹೋಗುವವರೆಗೆ ಇಸ್ತ್ರಿ ಮಾಡಬೇಡಿ.