ನೀವು ಕೇಳಿದಿರಿ: ಕೆರೆಯ ಮೀಥೇನ್ ಲೆಕ್ಕ

ಪ್ರಶ್ನೆ: ಹವಾಮಾನ ವಿಜ್ಞಾನಿಯಾಗಿ ಹಸಿರುಮನೆ ಅನಿಲಗಳ ಬಗ್ಗೆ ಕೆಲಸ ಮಾಡುವ ಆಸೆ. ಈ ಕ್ಷೇತ್ರದವರು ನೀರಿನ ಗುಣಮಟ್ಟವನ್ನೂ ಪರೀಕ್ಷಿಸುತ್ತಾರಲ್ಲ, ಯಾಕೆ?

ಉತ್ತರ: ಕೊಳಚೆ, ಗೊಬ್ಬರ ಸೇರಿದ ನೀರಲ್ಲಿ ಪಾಚಿ ಹುಲುಸಾಗಿ ಬೆಳೆಯುತ್ತದೆ. ಅದು ಸತ್ತು ತಳ ಸೇರಿ ಕೊಳೆಯುವಾಗ ಅಲ್ಲಿನ ಆಮ್ಲಜನಕ ಮುಗಿದುಹೋಗುತ್ತದೆ. ಆಮ್ಲಜನಕವಿಲ್ಲದ ಕೆಸರಲ್ಲಿ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳು ಮೀಥೇನ್ ಉತ್ಪಾದಿಸುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಸುಮಾರು 28 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ನೈಟ್ರೇಟ್ ಜಾಸ್ತಿಯಿದ್ದರೆ ನೈಟ್ರಸ್ ಆಕ್ಸೈಡ್ ಕೂಡ ಹುಟ್ಟಬಹುದು. ಅದರ ಪಟ್ಟು ಸುಮಾರು 273. ಕರಗಿದ ಆಮ್ಲಜನಕ, ನೈಟ್ರೇಟ್, ನೀರಿನ ಉಷ್ಣತೆ ಬರೆದುಕೊಳ್ಳದೆ ತಂದ ಅನಿಲದ ಅಂಕಿಯಿಂದ ಕಾರಣ ಹೇಳಲಾಗದು.

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ಕೆರೆಯ ಮೇಲೆ ತೇಲುವ ಚೇಂಬರ್ ಇಟ್ಟಿದ್ದೆ (ನೀರಿನಿಂದ ಮೇಲೇಳುವ ಅನಿಲ ಹಿಡಿಯಲು ಬೋರಲು ಹಾಕಿದ ಡಬ್ಬಿ; 15 ಲೀಟರ್, ಬಾಯಿಯ ವಿಸ್ತೀರ್ಣ 0.07 ಚದರ ಮೀಟರ್). 0, 5, 10, 20ನೇ ನಿಮಿಷಕ್ಕೆ ಮೀಥೇನ್ 2.0, 3.5, 5.0, 31 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ). ಕೊನೆಯ ಅಂಕಿಯನ್ನು ಕೈಬಿಡಲೇ?

ಉತ್ತರ: ಬೇಡ, ಅದನ್ನು ಬೇರೆಯಾಗಿ ಲೆಕ್ಕ ಹಾಕಿ. ಮೊದಲ ಮೂರು ಅಂಕಿ ನಿಮಿಷಕ್ಕೆ 0.3 ಪಿಪಿಎಂನಂತೆ ನೇರವಾಗಿ ಏರಿವೆ, ಅದು ವಿಸರಣೆ (ನೀರಲ್ಲಿ ಕರಗಿದ ಅನಿಲ ಗುಳ್ಳೆಯಿಲ್ಲದೆ ನಿಧಾನವಾಗಿ ಹೊರಬರುವುದು). 15 ಲೀಟರಿಗೆ ಅದು 4.5 ಮೈಕ್ರೋಲೀಟರ್. 25 ಡಿಗ್ರಿಯಲ್ಲಿ 24.5ರಿಂದ (ಒಂದು ಮೋಲ್ ಅನಿಲದ ಲೀಟರ್) ಭಾಗಿಸಿ, 16ರಿಂದ (ಒಂದು ಮೋಲ್ ಮೀಥೇನಿನ ಗ್ರಾಂ) ಗುಣಿಸಿ, 0.07ರಿಂದ ಭಾಗಿಸಿದರೆ ಚದರ ಮೀಟರಿಗೆ ನಿಮಿಷಕ್ಕೆ 42 ಮೈಕ್ರೋಗ್ರಾಂ, ದಿನಕ್ಕೆ ಸುಮಾರು 60 ಮಿಲಿಗ್ರಾಂ. (ಹಗಲಿನ ಇಪ್ಪತ್ತು ನಿಮಿಷವನ್ನು ಇಡೀ ದಿನಕ್ಕೆ ಹಿಗ್ಗಿಸುವುದು ಅಪಾಯದ ಕೆಲಸ; ರಾತ್ರಿಯೂ ಅಳೆಯಿರಿ.)

ಇದೇ ವೇಗದಲ್ಲಿ 20ನೇ ನಿಮಿಷಕ್ಕೆ 8 ಪಿಪಿಎಂ ಇರಬೇಕಿತ್ತು. ಮಿಕ್ಕ 23 ಪಿಪಿಎಂ ಎಂದರೆ ಬರೀ 0.35 ಮಿಲಿಲೀಟರ್ ಮೀಥೇನ್. ಸುಮಾರು ಒಂದು ಸೆಂಟಿಮೀಟರ್ ಅಗಲದ ಒಂದು ಗುಳ್ಳೆ ಅಷ್ಟನ್ನು ತರಬಲ್ಲದು. ಆಳವಿಲ್ಲದ ಕೆರೆಗಳಲ್ಲಿ ಬಹುಪಾಲು ಮೀಥೇನ್ ಗುಳ್ಳೆಯಲ್ಲೇ ಹೊರಬೀಳುವುದುಂಟು, ಹಾಗಾಗಿ ಅದನ್ನು ಬಿಟ್ಟರೆ ಕೆರೆಯ ಲೆಕ್ಕವೇ ತಪ್ಪುತ್ತದೆ. ಆದರೆ ಗುಳ್ಳೆ ಎಬ್ಬಿಸಿದ್ದು ನೀವೇ ಅಲ್ಲವಷ್ಟೆ? ಲಂಗರು ಬಿಟ್ಟಾಗ, ಹುಟ್ಟು ಕೆಸರಿಗೆ ತಗುಲಿದಾಗ ಹೀಗೇ ಆಗುತ್ತದೆ. ಗುಳ್ಳೆಗಳಿಗೆಂದೇ ನೀರೊಳಗೆ ಬೋರಲು ಹಾಕಿದ ಆಲಿಕೆಯನ್ನು 24 ಗಂಟೆ ಬಿಡಿ.

ಸೊನ್ನೆ ನಿಮಿಷದ ಅಂಕಿಯ ಮೇಲೂ ಕಣ್ಣಿರಲಿ. ಹೊರಗಿನ ಗಾಳಿಯಲ್ಲಿ ಸುಮಾರು 1.9 ಪಿಪಿಎಂ ಇರುತ್ತದೆ. ಶುರುವಿನಲ್ಲೇ 6 ಬಂದರೆ ಚೇಂಬರ್ ಇಡುವಾಗಲೇ ಗುಳ್ಳೆ ನುಗ್ಗಿದೆ. ಎತ್ತಿ, ಗಾಳಿಯಾಡಿಸಿ, ಮತ್ತೆ ಇಡಿ. ಪ್ರಯೋಗಾಲಯಕ್ಕೆ ಒಯ್ಯುವಾಗ 12 ಮಿಲಿಲೀಟರಿನ ನಿರ್ವಾತ (ಗಾಳಿ ತೆಗೆದ) ಸೀಸೆಗೆ ಚೇಂಬರಿನ 20 ಮಿಲಿಲೀಟರ್ ಅನಿಲ ತುಂಬಿ. ಮುಚ್ಚಳ ಸೋರಿದರೂ ಒಳಗಿನದು ಹೊರಹೋಗುತ್ತದೆ, ಹೊರಗಿನ ಗಾಳಿ ಬೆರೆಯುವುದಿಲ್ಲ.

ಪ್ರಶ್ನೆ: ಯಾವ ಪದವಿ ಒಳ್ಳೆಯದು?

ಉತ್ತರ: ರಸಾಯನಶಾಸ್ತ್ರ, ಪರಿಸರ ವಿಜ್ಞಾನ, ಭೂವಿಜ್ಞಾನ, ಯಾವುದಾದರೂ ನಡೆಯುತ್ತದೆ. ಜೊತೆಗೆ ಸಂಖ್ಯಾಶಾಸ್ತ್ರ, ಗ್ಯಾಸ್ ಕ್ರೊಮಟೋಗ್ರಾಫ್ (ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಉಪಕರಣ) ಬಳಕೆ ಬೇಕು. ನೀರಲ್ಲಿ ಕರಗಿದ ಆಮ್ಲಜನಕವನ್ನು ರಾಸಾಯನಿಕಗಳಿಂದ ಅಳೆಯುವ ವಿಂಕ್ಲರ್ ವಿಧಾನವನ್ನೂ ಕೈಯಾರೆ ಕಲಿಯಿರಿ. ಬಾಟಲಿಯ ಪ್ರಕ್ಷೇಪ (ತಳಕ್ಕಿಳಿಯುವ ಗಷ್ಟು) ಕಂದಾಗದೆ ಬಿಳಿಯಾಗಿಯೇ ಉಳಿದು (ಎಂದರೆ ನೀರಲ್ಲಿ ಆಮ್ಲಜನಕವಿಲ್ಲ), ನೀರಲ್ಲಿ ಅದ್ದಿ ಆಮ್ಲಜನಕ ಅಳೆಯುವ ಪ್ರೋಬ್ ಮಾತ್ರ ಲೀಟರಿಗೆ 3 ಮಿಲಿಗ್ರಾಂ ಆಮ್ಲಜನಕ ತೋರಿಸುತ್ತಿದ್ದರೆ, ಮೊದಲು ಪ್ರೋಬಿನ ಪೊರೆ ಬದಲಿಸಿ.